ಶೀತದೇಶದ ಮನೆಗಳಲ್ಲಿ ಶಾಖದ ಹಂಚಿಕೆ: ಒಂದು ಚಾರಿತ್ರಿಕ ವಿವೇಚನೆ

ಉತ್ತರ ಅಮೆರಿಕದ ಶೀತಪ್ರಾಂತಗಳಲ್ಲಿ, ಮುಖ್ಯವಾಗಿ ನ್ಯೂ ಇಂಗ್ಲೆಂಡ್, ಮಿನ್ನೆಸೋಟಾ, ವಿಸ್ಕಾನ್ಸಿನ್ ಮೊದಲಾದೆಡೆಗಳಲ್ಲಿ, ಎರಡು ಬೆಂಕಿಗಳುಳ್ಳ ಮನೆಗಳು ಹಲವು ಉಂಟು. ನೆಲಮಾಳಿಗೆಯಲ್ಲಿ ಅನಿಲದಿಂದಲೋ ಎಣ್ಣೆಯಿಂದಲೋ ಉರಿಯುವ ಫರ್ನೇಸು ಇರುತ್ತದೆ. ಅದು ಕಾಯಿಸಿದ ಗಾಳಿಯನ್ನು ತಗಡಿನ ಕೊಳವೆಗಳು ಕೋಣೆಕೋಣೆಗೂ ಒಯ್ಯುತ್ತವೆ. ಇದಲ್ಲದೆ ಕೆಳಮಹಡಿಯ ನಡುಮನೆಯಲ್ಲಿ ಸೌದೆಯನ್ನುರಿಸುವ ಕಬ್ಬಿಣದ ಒಲೆಯೂ ಇರುತ್ತದೆ. ಚಳಿಗಾಲದಲ್ಲಿ ಎರಡನ್ನೂ ಬಳಸುವ ಗೃಹಸ್ಥನು ಎದುರಿಸುವ ತೊಂದರೆ ಬಹುಮಟ್ಟಿಗೆ ಒಂದೇ ಬಗೆಯದು. ಒಲೆಯಿರುವ ಕೋಣೆಯಲ್ಲಿ ಸೆಕೆ ತಾಳಲಾಗದು. ಮನೆಯ ಮತ್ತೊಂದು ತುದಿಯ ಮಲಗುವ ಕೋಣೆಯಲ್ಲಿ ಮೈ ನಡುಗುತ್ತದೆ. ನೆಲಮಾಳಿಗೆಯ ನೀರಿನ ಕೊಳಾಯಿ ಹೆಪ್ಪುಗಟ್ಟಿ ಒಡೆಯುವುದೂ ಉಂಟು. ಇದನ್ನು ಯಂತ್ರದ ದೋಷವೆಂದೇ ಹಲವರು ಎಣಿಸುತ್ತಾರೆ. ಆದರೆ ಯಂತ್ರಗಳೆರಡೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತವೆ. ಅವು ಹುಟ್ಟಿದ ಕಾಲಗಳು ಬೇರೆ. ಮನೆಯನ್ನು ಬೆಚ್ಚಗಿಡುವುದೆಂದರೇನು ಎಂಬ ವಿಷಯದಲ್ಲಿ ಅವುಗಳ ಹಿಂದಿರುವ ಕಲ್ಪನೆಗಳೂ ಬೇರೆ. ಈ ಭೇದವನ್ನು ಚರಿತ್ರೆಯ ಮೂಲಕ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಗಾಳಿಯ ಸ್ವಭಾವವನ್ನು ನೆನೆಯಬೇಕು. ಒಂದು ಘನ ಮೀಟರ್ ಗಾಳಿ 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 1.29 ಕಿಲೋಗ್ರಾಂ ತೂಗುತ್ತದೆ. 30 ಡಿಗ್ರಿಯಲ್ಲಿ ಸುಮಾರು 1.16. ಈ ಅಲ್ಪ ವ್ಯತ್ಯಾಸದಿಂದಲೇ ಬಿಸಿಗಾಳಿ ಮೇಲೇರುತ್ತದೆ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನುಗಳನ್ನು ಒಣಗಿಸುವ ನಮ್ಮ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಳಿಗಾಲದ ಮನೆಯಲ್ಲಿ ಇದರ ಪರಿಣಾಮ ಮತ್ತೂ ದೂರ ಹೋಗುತ್ತದೆ. ಇಡೀ ಮನೆಯೇ ಒಂದು ಚಿಮಣಿಯಂತೆ ವರ್ತಿಸಿ, ಬಿಸಿಗಾಳಿ ಮೇಲಣ ಬಿರುಕುಗಳಿಂದ ಹೊರಕ್ಕೆ ಸೋರುತ್ತದೆ. ಅದರ ಸ್ಥಾನವನ್ನು ತುಂಬಲು ಹೊರಗಿನ ಶೀತಗಾಳಿ ತಳದ ಸಂದುಗಳಿಂದ ಒಳನುಗ್ಗುತ್ತದೆ. ಆದುದರಿಂದ ಮಹಡಿಗಳ ನಡುವೆ ಶಾಖವು ತಾನಾಗಿಯೇ ಸಮನಾಗುವುದೆಂಬ ನಿರೀಕ್ಷೆಗೆ ಆಧಾರವಿಲ್ಲ.

ವಸಾಹತು ಕಾಲದ ನ್ಯೂ ಇಂಗ್ಲೆಂಡಿನ ಮನೆಯಲ್ಲಿ ಈ ಸಮಸ್ಯೆಯೇ ಇರಲಿಲ್ಲ; ಏಕೆಂದರೆ ಇಡೀ ಮನೆ ಬೆಚ್ಚಗಿರಬೇಕೆಂದು ಯಾರೂ ಬಯಸುತ್ತಿರಲಿಲ್ಲ. ಮನೆಯ ನಡುವೆ ದೊಡ್ಡ ಚಿಮಣಿ, ಅದರ ಸುತ್ತ ಕೋಣೆಗಳು, ಅಡುಗೆಯ ಅಗ್ಗಿಷ್ಟಿಕೆಯ ಮುಂದೆ ಕುಟುಂಬವೆಲ್ಲ ಒಂದೆಡೆ. ಉಪ್ಪರಿಗೆಯ ಕೋಣೆಗಳು ಬಹುಪಾಲು ತಣ್ಣಗೇ ಇರುತ್ತಿದ್ದವು. ಮಲಗುವ ಮುನ್ನ ಕೆಂಡ ತುಂಬಿದ ಹಿತ್ತಾಳೆಯ ಪಾತ್ರೆಯನ್ನು ಹಾಸಿಗೆಯೊಳಗೆ ಆಡಿಸುವುದೇ ಅಲ್ಲಿಯ ಉಪಾಯವಾಗಿದ್ದಿತು. ಬೆಂಕಿಯಿದ್ದಲ್ಲಿಗೆ ಮನುಷ್ಯನು ಹೋಗುತ್ತಿದ್ದನೇ ಹೊರತು ಮನುಷ್ಯನಿದ್ದಲ್ಲಿಗೆ ಬೆಂಕಿ ಬರುತ್ತಿರಲಿಲ್ಲ.

ತೆರೆದ ಅಗ್ಗಿಷ್ಟಿಕೆಯಲ್ಲಿ ಶಾಖದ ಬಹುಭಾಗ ಚಿಮಣಿಯ ಪಾಲಾಗುತ್ತಿದ್ದಿತು. ಈ ನಷ್ಟವನ್ನು ತಡೆಯಲು ಬೆಂಜಮಿನ್ ಫ್ರಾಂಕ್ಲಿನ್ ಕಬ್ಬಿಣದ ಹಲಗೆಗಳಿಂದ ರಚಿಸಿದ ‘ಪೆನ್ಸಿಲ್ವೇನಿಯಾ ಅಗ್ಗಿಷ್ಟಿಕೆ’ಯ ವಿವರಣೆಯು 1744ರಲ್ಲಿ ಪುಸ್ತಿಕೆಯಾಗಿ ಪ್ರಕಟವಾಯಿತು. ಪ್ರಾಂತದ ಗವರ್ನರನು ಅದರ ಮಾರಾಟದ ಏಕಸ್ವಾಮ್ಯವನ್ನು ಕೊಡಲು ಮುಂದಾದರೂ ಫ್ರಾಂಕ್ಲಿನ್ ಒಪ್ಪಲಿಲ್ಲ. ಹೊಗೆಯನ್ನು ಮೊದಲು ಕೆಳಕ್ಕಿಳಿಸಿ ಅನಂತರ ಚಿಮಣಿಗೆ ಹಾಯಿಸುವ ಅದರ ವ್ಯವಸ್ಥೆ ಬಳಕೆಯಲ್ಲಿ ತೊಡಕಿನದಾಯಿತು. ಮುಂದೆ ಬೇರೆಯವರು ಅದನ್ನು ತಿದ್ದಿ ಸರಳಗೊಳಿಸಿದರು. ‘ಫ್ರಾಂಕ್ಲಿನ್ ಒಲೆ’ಯೆಂಬ ಹೆಸರಿನಿಂದ ಹರಡಿದ್ದು ಬಹಳಮಟ್ಟಿಗೆ ಈ ಮಾರ್ಪಟ್ಟ ರೂಪಗಳೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಚ್ಚಿದ ಕಬ್ಬಿಣದ ಒಲೆ ಸಾಮಾನ್ಯವಾಯಿತು. ಕ್ಯಾಥರೀನ್ ಬೀಚರ್ ಮತ್ತು ಹ್ಯಾರಿಯೆಟ್ ಬೀಚರ್ ಸ್ಟೋ ಸೋದರಿಯರು 1869ರಲ್ಲಿ ಪ್ರಕಟಿಸಿದ ಗೃಹಕೃತ್ಯದ ಗ್ರಂಥದಲ್ಲಿ ಒಲೆ, ಫರ್ನೇಸು, ಚಿಮಣಿ, ಗಾಳಿಸಂಚಾರಗಳ ಚರ್ಚೆಗೆ ಸಾಕಷ್ಟು ಸ್ಥಳ ದೊರೆತಿರುವುದನ್ನು ನೋಡಿದರೆ ಈ ವಿಷಯ ಆ ಕಾಲದ ಗೃಹಿಣಿಯರಿಗೆ ಎಷ್ಟು ಮುಖ್ಯವಾಗಿದ್ದಿತೆಂಬುದು ತಿಳಿಯುತ್ತದೆ. ಒಲೆಯಿರುವ ಕೋಣೆಯ ಮಾಳಿಗೆಯಲ್ಲಿ ತೂತು ಕೊರೆದು ಕಬ್ಬಿಣದ ಜಾಲರಿ ಕೂಡಿಸುವ ಪದ್ಧತಿಯೂ ಬಳಕೆಗೆ ಬಂದಿತು. ಮೇಲಿನ ಕೋಣೆಗೆ ಬಿಸಿಗಾಳಿಯನ್ನು ಬುದ್ಧಿಪೂರ್ವಕವಾಗಿ ಕಳುಹಿಸುವ ಅತ್ಯಂತ ಸರಳವಾದ ಸಾಧನ ಇದು.

ನೆಲಮಾಳಿಗೆಯ ಫರ್ನೇಸು ಈ ಕ್ರಮವನ್ನು ತಲೆಕೆಳಗು ಮಾಡಿತು. ಬೆಂಕಿ ಕಣ್ಣಿಗೆ ಮರೆಯಾಯಿತು. ಶಾಖ ಮಾತ್ರ ಎಲ್ಲ ಕೋಣೆಗಳಿಗೂ ಬಂದಿತು. ಮೊದಲಿನ ಫರ್ನೇಸುಗಳಲ್ಲಿ ಬೀಸಣಿಗೆ ಇರಲಿಲ್ಲ. ಬಿಸಿಗಾಳಿಯ ಹಗುರತನವೊಂದರಿಂದಲೇ ಕೆಲಸ ನಡೆಯಬೇಕಾಗಿದ್ದುದರಿಂದ ಕೊಳವೆಗಳು ಬಹಳ ದಪ್ಪವಾಗಿರುತ್ತಿದ್ದವು, ಫರ್ನೇಸು ಮನೆಯ ನಡುಭಾಗದಲ್ಲಿರುತ್ತಿದ್ದಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಮೇಲ್ಮಹಡಿಗೆ ಹೋಗುವ ಕೊಳವೆಯಲ್ಲಿ ಬಿಸಿಗಾಳಿಯ ಕಂಬ ಉದ್ದವಾದುದರಿಂದ ಸೆಳೆತ ಹೆಚ್ಚು. ಕೆಳಮಹಡಿಯ ಕೊಳವೆಯಲ್ಲಿ ಕಡಿಮೆ. ಆದಕಾರಣ ಅದೇ ಪ್ರಮಾಣದ ಶಾಖಕ್ಕಾಗಿ ಕೆಳಮಹಡಿಗೆ ಹೆಚ್ಚು ದಪ್ಪನೆಯ ಕೊಳವೆಯನ್ನು ಹಾಕುತ್ತಿದ್ದರು. ಮಹಡಿಗಳ ನಡುವಿನ ಸಮತೋಲನವು ಕೊಳವೆಯ ಅಳತೆಯಲ್ಲಿಯೇ ಅಡಗಿದ್ದಿತು. ಮುಂದೆ ವಿದ್ಯುತ್ತಿನ ಬೀಸಣಿಗೆ ಬಂದು ಗಾಳಿಯನ್ನು ಬಲವಾಗಿ ನೂಕತೊಡಗಿದ ಮೇಲೆ ಕೊಳವೆಗಳು ಸಣ್ಣವಾದವು.

ನಮ್ಮ ಪ್ರಶ್ನೆಗೆ ಅತ್ಯಂತ ಮುಖ್ಯವಾದ ಘಟ್ಟ ಥರ್ಮೋಸ್ಟಾಟಿನ ಆಗಮನ. ವಿಸ್ಕಾನ್ಸಿನ್ನಿನ ವೈಟ್‌ವಾಟರಿನ ಅಧ್ಯಾಪಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಎಂಬ ಪ್ರಾಧ್ಯಾಪಕನಿದ್ದನು. ಕಾವಲಾಳು ತರಗತಿಗೆ ಬಂದು ಉಷ್ಣತೆಯನ್ನು ನೋಡಿಕೊಂಡು, ಮತ್ತೆ ನೆಲಮಾಳಿಗೆಗಿಳಿದು ಗಾಳಿಯ ತಡೆಹಲಗೆಯನ್ನು ಸರಿಪಡಿಸಬೇಕಾಗಿದ್ದಿತು. ಪಾಠಕ್ಕಾಗುತ್ತಿದ್ದ ಈ ಅಡಚಣೆಯನ್ನು ಸಹಿಸಲಾರದೆ ಜಾನ್ಸನ್ ಕೋಣೆಯ ಉಷ್ಣತೆಯನ್ನು ವಿದ್ಯುತ್ ಸಂಜ್ಞೆಯಿಂದ ಕೆಳಗೆ ತಿಳಿಸುವ ಸಾಧನವನ್ನು ರಚಿಸಿ 1883ರಲ್ಲಿ ಪೇಟೆಂಟ್ ಪಡೆದನು. (ಅಧ್ಯಾಪಕರ ಅಸಹನೆಯಿಂದ ಲೋಕಕ್ಕೆ ಆದ ಉಪಕಾರಗಳಲ್ಲಿ ಇದೂ ಒಂದು.) ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಕೆಲವೇ ಕಾಲದಲ್ಲಿ ಕಲ್ಲಿದ್ದಲ ಫರ್ನೇಸಿನ ತಡೆಹಲಗೆಯನ್ನು ತಾನಾಗಿ ಎತ್ತಿಳಿಸುವ ಯಂತ್ರವನ್ನು ಮಾಡಿದನು. ಅಂದಿನಿಂದ ಇಡೀ ಮನೆಯ ಪರವಾಗಿ ಗೋಡೆಯ ಮೇಲಿನ ಒಂದು ಬಿಂದು ಮಾತನಾಡತೊಡಗಿತು. ಆ ಬಿಂದುವಿನಲ್ಲಿ ಬೆಚ್ಚಗಿದ್ದರೆ ಮನೆಯೆಲ್ಲ ಬೆಚ್ಚಗಿದೆಯೆಂದೇ ಅರ್ಥ. ಬೇರೊಂದು ಬೆಂಕಿಯಿಲ್ಲದ ಮನೆಯಲ್ಲಿ ಈ ಊಹೆ ತಕ್ಕಮಟ್ಟಿಗೆ ಸರಿ. ಒಂದು ಬಿಂದು ಸಾಲದೆಂಬುದನ್ನು ಕಂಡವರೂ ಇದ್ದರು. ನ್ಯೂ ಜರ್ಸಿಯ ಮಾರಿಸ್‌ಟೌನಿನ ಆಲಿಸ್ ಪಾರ್ಕರ್ ಎಂಬ ನೀಗ್ರೋ ಮಹಿಳೆ 1919ರಲ್ಲಿ ಪೇಟೆಂಟ್ ಪಡೆದ ಅನಿಲ ಫರ್ನೇಸಿನಲ್ಲಿ ಮನೆಯ ಬೇರೆ ಬೇರೆ ಭಾಗಗಳಿಗೆ ಪ್ರತ್ಯೇಕವಾಗಿ ಹತೋಟಿಯಲ್ಲಿಡಬಹುದಾದ ಉರಿಗಳ ಯೋಜನೆಯಿದ್ದಿತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಎಣ್ಣೆ, ಅನಿಲಗಳ ಫರ್ನೇಸು ಹರಡಿದಂತೆ ಸೌದೆಯ ಒಲೆ ಹಿಂದೆ ಸರಿಯಿತು. ಆದರೆ 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯ ಸರಬರಾಜನ್ನು ತಡೆದವು. ಪೀಪಾಯಿಯೊಂದಕ್ಕೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಆರಂಭಕ್ಕೆ 11 ಡಾಲರನ್ನು ಮೀರಿತು. ಆಗ ಒಲೆ ಮರಳಿತು. ಫರ್ನೇಸಿಗಾಗಿ ಕಟ್ಟಿದ ಮನೆಯೊಳಕ್ಕೆ ಅದು ಬಂದಿತೆಂಬುದನ್ನು ಗಮನಿಸಬೇಕು. ಒಲೆಯ ಪಕ್ಕದ ಗೋಡೆಯಲ್ಲಿರುವ ಥರ್ಮೋಸ್ಟಾಟ್ 24 ಡಿಗ್ರಿಯನ್ನು ಕಂಡು ಫರ್ನೇಸನ್ನು ನಿಲ್ಲಿಸುತ್ತದೆ. ಫರ್ನೇಸಿನ ಶಾಖವನ್ನೇ ನಂಬಿದ್ದ ದೂರದ ಕೋಣೆ, ನೆಲಮಾಳಿಗೆ ಎರಡೂ ಅನಾಥವಾಗುತ್ತವೆ. ಒಲೆ ನೆಲಮಾಳಿಗೆಯಲ್ಲಿಯೇ ಇದ್ದರೆ ತೊಂದರೆ ಬೇರೆ ರೂಪ ತಾಳುತ್ತದೆ: ಅಲ್ಲಿ ಕುದಿಯುವಷ್ಟು ಸೆಕೆಯಾಗಿ, ಶಾಖದ ಗಣನೀಯ ಭಾಗ ಕಲ್ಲುಗೋಡೆಯ ಮೂಲಕ ಮಣ್ಣಿಗೆ ಸೇರುತ್ತದೆ.

ಪರಿಹಾರದ ಮಾತಿಗೆ ಮುನ್ನ ಒಂದು ಲೆಕ್ಕ ಅಗತ್ಯ. ಒಣಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 15 ಮೆಗಾಜೂಲ್ ಶಾಖವಿದೆ. ನೂರಕ್ಕೆ 70ರಷ್ಟನ್ನು ಮನೆಗೆ ಕೊಡುವ ಒಲೆಯಲ್ಲಿ ಗಂಟೆಗೆ 2 ಕಿಲೋ ಉರಿಸಿದರೆ ಸುಮಾರು 5.8 ಕಿಲೋವಾಟ್ ದೊರೆಯುತ್ತದೆ. ಒಂದು ಕೋಣೆಗೆ ಇದು ಅತಿಯಾಯಿತು. ಅದರಲ್ಲಿ 2 ಕಿಲೋವಾಟನ್ನು ಬೇರೆಡೆಗೆ ಒಯ್ಯಬೇಕಾದರೆ, ಎರಡು ಕೋಣೆಗಳ ನಡುವೆ 10 ಡಿಗ್ರಿ ಅಂತರವಿದ್ದಾಗ, ಗಂಟೆಗೆ ಸುಮಾರು 600 ಘನ ಮೀಟರ್ ಗಾಳಿ ಚಲಿಸಬೇಕು. ತೆರೆದ ಬಾಗಿಲಿನ ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಕ್ಕೂ ತಳದಲ್ಲಿ ತಂಪುಗಾಳಿ ಒಳಕ್ಕೂ ಹರಿಯುತ್ತದೆ. ಬಾಗಿಲು ಮುಚ್ಚಿದರೆ ಈ ಹರಿವು ನಿಂತಂತೆಯೇ. ಹರಿವನ್ನು ಹೆಚ್ಚಿಸಲು ಬಿಸಿಗಾಳಿಯನ್ನು ಹೊರಕ್ಕೆ ನೂಕುವುದಕ್ಕಿಂತ, ದೂರದ ಕೋಣೆಯ ನೆಲದ ಮೇಲೆ ಸಣ್ಣ ಫ್ಯಾನನ್ನಿಟ್ಟು ತಂಪುಗಾಳಿಯನ್ನು ಒಲೆಯ ಕಡೆಗೆ ಕಳುಹಿಸುವುದು ಮೇಲು. ಹೀಗೆ ಮಾಡಿದಾಗ ಗಾಳಿಯ ಸಹಜಗತಿಗೆ ವಿರೋಧವಾಗುವುದಿಲ್ಲ.

ಎರಡನೆಯದಾಗಿ, ಥರ್ಮೋಸ್ಟಾಟನ್ನು ಒಲೆಯಿಂದ ದೂರದ ಕೋಣೆಗೆ ಸ್ಥಳಾಂತರಿಸಬೇಕು, ಇಲ್ಲವೆ ಮಹಡಿಗೊಂದರಂತೆ ಪ್ರತ್ಯೇಕ ಹತೋಟಿಯನ್ನು ಏರ್ಪಡಿಸಬೇಕು. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಉಪಾಯಗಳಿಗಿಂತ ಇದು ಮುಖ್ಯ. ಏಕೆಂದರೆ ಇದೊಂದೇ ತೊಂದರೆಯ ಮೂಲವನ್ನು ಮುಟ್ಟುತ್ತದೆ. ಫರ್ನೇಸಿನ ಬೀಸಣಿಗೆಯನ್ನು ಮಾತ್ರ ಸತತವಾಗಿ ಓಡಿಸುವುದರಿಂದಲೂ ಸ್ವಲ್ಪ ಪ್ರಯೋಜನವುಂಟು. ಆದರೆ ಕೊಳವೆಗಳು ಚಳಿಯಿರುವ ಅಟ್ಟದಲ್ಲಿ ಹಾದುಹೋಗಿದ್ದರೆ ದಾರಿಯಲ್ಲಿಯೇ ಶಾಖ ಕಳೆದುಹೋಗುತ್ತದೆ. ಮೇಲ್ಮಹಡಿಯ ಕೊಳವೆಗಳ ತಡೆಹಲಗೆಗಳನ್ನು ಚಳಿಗಾಲದಲ್ಲಿ ಅರ್ಧ ಮುಚ್ಚುವುದು ವಾಡಿಕೆ. ಅನೇಕವನ್ನು ಪೂರ್ಣವಾಗಿ ಮುಚ್ಚಿದರೆ ಗಾಳಿಯ ಹರಿವು ಕುಗ್ಗಿ ಫರ್ನೇಸು ಮಿತಿಮೀರಿ ಕಾಯುತ್ತದೆ.

ಕೋಣೆಯ ಸೆಕೆಯನ್ನು ತಗ್ಗಿಸಲು ಒಲೆಗೆ ಗಾಳಿಯನ್ನು ತೀರ ಕಡಿಮೆ ಮಾಡುವವರೂ ಇದ್ದಾರೆ. ಆಗ ಸೌದೆ ಉರಿಯದೆ ಹೊಗೆಯಾಡಿ, ಟಾರಿನಂಥ ಮಸಿ ಚಿಮಣಿಯಲ್ಲಿ ಕಟ್ಟಿಕೊಂಡು ಒಂದು ದಿನ ಹೊತ್ತಿಕೊಳ್ಳುತ್ತದೆ. ಒಣಗಿದ ಸೌದೆಯ ಚಿಕ್ಕ, ಚುರುಕಾದ ಬೆಂಕಿಯೇ ಲೇಸು. ಹಳೆಯ ಕಾಲದ ಮಾಳಿಗೆಯ ಜಾಲರಿಯನ್ನು ಈಗ ಹೊಸದಾಗಿ ಕೊರೆಯುವ ಮುನ್ನ ಯೋಚಿಸಬೇಕು. ಬಿಸಿಗಾಳಿ ಏರುವ ದಾರಿಯಲ್ಲಿ ಹೊಗೆಯೂ ಜ್ವಾಲೆಯೂ ಏರಬಲ್ಲವು. ಫರ್ನೇಸಿಗೆ ಗಾಳಿ ಹಿಂದಿರುಗುವ ಬಾಯಿಯನ್ನು ಒಲೆಯ ಬಳಿ ತೆರೆಯುವುದೂ ಅಪಾಯಕರ. ಬೀಸಣಿಗೆಯ ಸೆಳೆತಕ್ಕೆ ಚಿಮಣಿಯ ಹೊಗೆ ಹಿಮ್ಮುಖವಾಗಿ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ಮಲಗುವ ಕೋಣೆಗಳಿಗೆ ಹಂಚಿಹೋಗಬಹುದು. ಅಮೆರಿಕದಲ್ಲಿ ವ್ಯಾಪಕವಾಗಿ ಅನುಸರಿಸುವ ಕಟ್ಟಡ ಸಂಹಿತೆಯು ಇವೆರಡರ ನಡುವೆ 10 ಅಡಿಗಳ ಅಂತರವನ್ನು ವಿಧಿಸಿರುವುದು ಈ ಕಾರಣದಿಂದ. ವಿಷಾನಿಲವನ್ನು ಗುರುತಿಸಿ ಎಚ್ಚರಿಸುವ ಸಾಧನವನ್ನು ಪ್ರತಿ ಮಹಡಿಯಲ್ಲಿಯೂ ಇಡಬೇಕೆಂದು ತಜ್ಞರು ಹೇಳುವುದೂ ಇದರಿಂದಲೇ.