ಮಂಜರಾಬಾದ್: ಮೆಟ್ಟಿಲ ಬುಡದಲ್ಲೇ ಕೂರಬೇಡಿ

ದಕ್ಷಿಣ ಸ್ಪೇನಿನ ಗ್ರನಾಡದಲ್ಲಿ ಗುಡ್ಡದ ಮೇಲಿರುವ ಅಲ್‌ಹಂಬ್ರಾದ ಚಿತ್ರ ನೋಡಿ ‘ಒಮ್ಮೆಯಾದರೂ ಹೋಗಬೇಕು’ ಎಂದುಕೊಂಡಿದ್ದೀರಾ? ಆಸೆಯೇನೂ ತಪ್ಪಲ್ಲ. ಆದರೆ ದುದ್ದದಲ್ಲೋ ಹಾಸನದಲ್ಲೋ ಮನೆಯಿದ್ದು ಮಂಜರಾಬಾದನ್ನೇ ನೋಡಿಲ್ಲವೆಂದರೆ? ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ಐದಾರು ಕಿ.ಮೀ. ಹೋದರೆ ಕೋಟೆಯ ಗುಡ್ಡ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಮಗ್ರಿಬ್‌ನೊಳಗೆ ಮನೆ ಸೇರಬಹುದು.

ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿಯ ಮೇಲೆ ಕಣ್ಣಿಡಲು ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ ಪೂರ್ಣಗೊಂಡದ್ದು 1792ರಲ್ಲಿ. ಗ್ರನಾಡ ಕೈತಪ್ಪಿ ಆಗ ಸರಿಯಾಗಿ 300 ವರ್ಷ. ಇಲ್ಲಿಯೂ ಅದು ಸುಖದ ವರ್ಷವಲ್ಲ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಸುಮಾರು 10 ಮತ್ತು 8 ವರ್ಷದ ಇಬ್ಬರು ಶಹಜಾದೆಗಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಅವರು ಮರಳಿದ್ದು 1794ರಲ್ಲಿ. ಕೋಟೆಯ ಕಥೆ ಹೇಳುವವರು ಫಿರಂಗಿಯನ್ನು ಮರೆಯುವುದಿಲ್ಲ, ಆ ಮಕ್ಕಳನ್ನು ಮರೆಯುತ್ತಾರೆ.

ಮಂಜು ಕವಿದ ಗುಡ್ಡ ಕಂಡು ಸುಲ್ತಾನನೇ ‘ಮಂಜರಾಬಾದ್’ ಎಂದನಂತೆ. ಜನ ಹೇಳುವ ಮಾತು, ಆದರೂ ಡಿಸೆಂಬರಿನ ಬೆಳಿಗ್ಗೆ ಹೋದವರು ನಂಬಿಯೇ ಬಿಡುತ್ತಾರೆ!

ಕೋಟೆ ಎಂಟು ಮೂಲೆಗಳ ನಕ್ಷತ್ರದಂತಿದೆ. ಇದು ಅಲಂಕಾರಕ್ಕಲ್ಲ. ಗೋಡೆ ನೇರವಾಗಿದ್ದರೆ ಅದರ ಬುಡದಲ್ಲಿ ಅವಿತ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಹೊರಚಾಚಿದ ಮೂಲೆಯಿಂದಾದರೆ ಪಕ್ಕದ ಗೋಡೆಯ ಬುಡವೂ ಕಾಣುತ್ತದೆ. ಫ್ರಾನ್ಸಿನ ವೋಬಾನ್ ಎಂಬ ಎಂಜಿನಿಯರ್ ಬೆಳೆಸಿದ ಪದ್ಧತಿಯಿದು. ನಡುವೆ ಶಿಲುಬೆಯಾಕಾರದ ಕೊಳ, ನಾಲ್ಕೂ ಕಡೆ ಮೆಟ್ಟಿಲು. ಪಕ್ಕದ ನೆಲದೊಳಗಿನ ಕೋಣೆಗಳಲ್ಲಿ ಬೇಸಿಗೆಯಲ್ಲೂ ತಂಪು.

ಸಹೋದರಿಯರೇ, ಇಂಥಲ್ಲಿಗೆ ಹೋದಾಗ ನಮ್ಮಲ್ಲೊಂದು ರೂಢಿಯಿದೆ. ಗಂಡಸರು, ಮಕ್ಕಳು ಮೇಲೆ ಹತ್ತುತ್ತಾರೆ. ನೀವು ಟಿಫಿನ್ ಡಬ್ಬಿ, ಚಪ್ಪಲಿಗಳನ್ನು ಕಾಯುತ್ತಾ ಕೆಳಗೆ ಕೂರುತ್ತೀರಿ. ‘ನಿಮಗೆ ಆಗಲ್ಲ, ಮೆಟ್ಟಿಲು ಜಾಸ್ತಿ’ ಎನ್ನುತ್ತಾರೆ. ಇರುವುದು ಸುಮಾರು 250 ಮೆಟ್ಟಿಲು. ದಿನವಿಡೀ ಅಡುಗೆಮನೆ, ಬಾವಿಕಟ್ಟೆ, ಮಹಡಿ ಎಂದು ಓಡಾಡುವ ಕಾಲಿಗೆ ಇದು ಯಾವ ಲೆಕ್ಕ? ಮಂಡಿನೋವಿದ್ದರೆ ನಿಂತು ನಿಂತು ಹತ್ತಿ. ಡಬ್ಬಿಯನ್ನು ಗಂಡಸರ ಕೈಗೆ ಕೊಡಿ.

ಮಳೆಗಾಲ ಬೇಡ. ಕಲ್ಲು ಜಾರುತ್ತದೆ, ಜಿಗಣೆಗಳೂ ಇರುತ್ತವೆ. ನೀರು ಕೆಳಗಿನಿಂದಲೇ ಒಯ್ಯಿರಿ. ಗೋಡೆಯ ಮೇಲೆ ಹೆಸರು ಗೀಚಿದವರು ಈಗಾಗಲೇ ಸಾಕಷ್ಟಿದ್ದಾರೆ, ನಿಮ್ಮ ಮಕ್ಕಳ ಕೈಯಲ್ಲಿ ಚೂಪು ಕಲ್ಲಿದ್ದರೆ ಬಾಗಿಲಲ್ಲೇ ತೆಗೆದುಕೊಳ್ಳಿ. ಕೈ ಖಾಲಿಯಾದ ಮೇಲೆ ಕೋಟೆಯ ಮೂಲೆಗಳನ್ನು ಎಣಿಸಲು ಹೇಳಿ.