ಮಗುವನ್ನು ಥೀಮ್ ಪಾರ್ಕಿಗೆ ಯಾವ ವಯಸ್ಸಿಗೆ ಕರೆದೊಯ್ಯಬೇಕು?

ಶಾಲೆಗೆ ರಜೆ ಸಿಕ್ಕ ಕೂಡಲೇ ನಮ್ಮ ದವಾಖಾನೆಗೆ ಎರಡು ಬಗೆಯ ಮಕ್ಕಳು ಬರುತ್ತಾರೆ. ಮಾವಿನಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡವರು ಒಂದು ಬಗೆ. ಪ್ರವಾಸ ಹೋಗಿ ಬಂದು ಜ್ವರ, ವಾಂತಿ, ಕಿವಿನೋವು ಎಂದು ಮಲಗಿದವರು ಇನ್ನೊಂದು ಬಗೆ. ಈ ಲೇಖನ ಎರಡನೆಯವರಿಗಾಗಿ.

ಕಳೆದ ಬೇಸಿಗೆಯಲ್ಲಿ ಟಿ. ನರಸೀಪುರದ ಒಂದು ಕೂಡು ಕುಟುಂಬ ಬಾಡಿಗೆ ವ್ಯಾನ್ ಮಾಡಿಕೊಂಡು ಥೀಮ್ ಪಾರ್ಕಿಗೆ ಹೋಗಿತ್ತು. ಹನ್ನೊಂದು ಜನ. ಅವರಲ್ಲಿ ಎರಡೂವರೆ ವರ್ಷದ ಒಬ್ಬ, ಏಳು ವರ್ಷದ ಅವನ ಅಣ್ಣ. ಮಧ್ಯಾಹ್ನದ ಹೊತ್ತಿಗೆ ಚಿಕ್ಕವನು ಬಿಸಿಲಿಗೂ ಗದ್ದಲಕ್ಕೂ ಬೇಸತ್ತು ಅಳತೊಡಗಿದ. ನೀರಿಗೆ ಇಳಿಸಿದರೆ ಸಮಾಧಾನವಾದೀತೆಂದು ಇಳಿಸಿದರು, ಅವನು ಕೊಳದ ನೀರು ಕುಡಿದ. ಮರುದಿನ ರಾತ್ರಿ ವಾಂತಿ, ಭೇದಿ ಶುರುವಾಯಿತು. ಅದರ ಮರುದಿನ ನನ್ನ ಬಳಿ ತಂದಾಗ ಮಗುವಿನ ಕಣ್ಣು ಗುಳಿಬಿದ್ದಿತ್ತು, ಎಂಟು ಗಂಟೆಯಿಂದ ಮೂತ್ರ ಹೋಗಿರಲಿಲ್ಲ. ಇದು ಅರ್ಕ್, ಶರ್ಬತ್ತು ಕೊಡುವ ಸಮಯವಲ್ಲ ಎಂದು ಹೇಳಿ ತಕ್ಷಣ ಆಸ್ಪತ್ರೆಗೆ ಕಳಿಸಿದೆ. ಎರಡು ದಿನ ಡ್ರಿಪ್ ಹಾಕಿದ ಮೇಲೆ ಅಲ್ಲಾಹನ ಕೃಪೆಯಿಂದ ಮಗು ಚೇತರಿಸಿಕೊಂಡಿತು.

ವಾರದ ನಂತರ ತೋರಿಸಲು ಬಂದಾಗ ದಾದಿ ಹೇಳಿದರು: “ತಪ್ಪು ನನ್ನದೇ ಬೇಟಿ. ಪುಟ್ಟನನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.” ಬಾಗಿಲ ಬಳಿ ನಿಂತಿದ್ದ ಏಳು ವರ್ಷದವನನ್ನು “ನಿನಗೆ ಖುಷಿಯಾಯಿತಾ?” ಎಂದು ಕೇಳಿದೆ. “ಎರಡೇ ಆಟ ಆಡಿದ್ದು. ಅಬ್ಬಾ ಇಡೀ ದಿನ ತಮ್ಮನನ್ನೇ ಎತ್ತಿಕೊಂಡಿದ್ದರು” ಎಂದ.

ಒಂದು ವರ್ಷ ಉಳಿಸಿದ ಹಣ ಅದು. ಒಬ್ಬನಿಗೆ ಕಾಯಿಲೆ, ಇನ್ನೊಬ್ಬನಿಗೆ ನಿರಾಸೆ. ಹಾಗಾದರೆ ಯಾವ ವಯಸ್ಸು ಸರಿ?

ಪಾರ್ಕಿನವರು ಕೇಳುವುದು ವಯಸ್ಸನ್ನಲ್ಲ

ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿಗೆ, ಇಲ್ಲವೆ 2005ರಲ್ಲಿ ಬಿಡದಿ ಬಳಿ ಆರಂಭವಾದ ವಂಡರ್‌ಲಾಗೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಜೋರಾದ ಆಟಗಳ ಮುಂದೆ ಎತ್ತರದ ಅಳತೆಗೋಲು ನಿಲ್ಲಿಸಿರುತ್ತಾರೆ. ಇದಕ್ಕೆ ಕಾರಣವಿದೆ. ಆಟದ ಕುರ್ಚಿಯ ಬೆಲ್ಟು, ತೊಡೆಯ ಮೇಲಿನ ಅಡ್ಡಪಟ್ಟಿ ಎಲ್ಲವೂ ಒಂದು ಅಳತೆಯ ದೇಹಕ್ಕೆಂದು ಮಾಡಿದವು. ಅದಕ್ಕಿಂತ ಗಿಡ್ಡ ಮಗು ಪಟ್ಟಿಯ ಕೆಳಗಿನಿಂದ ಜಾರಬಹುದು. “ಒಂದೇ ಇಂಚು ಕಡಿಮೆ, ಬಿಡಿ ಸಾರ್” ಎಂದು ಸಿಬ್ಬಂದಿಯೊಡನೆ ವಾದಿಸುವ ತಂದೆಯರನ್ನು ನಾನು ನೋಡಿದ್ದೇನೆ. ದಯವಿಟ್ಟು ವಾದಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಎರಡು ವರ್ಷದ ಮಗುವಿನ ಎತ್ತರ ಸರಾಸರಿ 86-87 ಸೆಂ.ಮೀ., ಐದು ವರ್ಷಕ್ಕೆ ಸುಮಾರು 110, ಏಳಕ್ಕೆ ಸುಮಾರು 120. ಬಹಳ ಮಕ್ಕಳು 140 ತಲುಪುವುದು ಹತ್ತು ದಾಟಿದ ಮೇಲೆಯೇ. ಹೊರಡುವ ಹಿಂದಿನ ದಿನ ಮನೆಯ ಗೋಡೆಗೆ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ ಟೇಪಿನಿಂದ ಅಳೆಯಿರಿ. ನಂತರ ಪಾರ್ಕಿಗೆ ಫೋನ್ ಮಾಡಿ, ಆ ಎತ್ತರಕ್ಕೆ ಎಷ್ಟು ಆಟಗಳಿವೆ ಎಂದು ವಿಚಾರಿಸಿ. ಹತ್ತರಲ್ಲಿ ಎರಡೇ ಸಿಗುವುದಾದರೆ ಇನ್ನೂ ಎರಡು ವರ್ಷ ಕಾಯುವುದು ಲಾಭ.

ಹಳೆಯ ಹಕೀಮರೂ ವರ್ಷ ಎಣಿಸಲಿಲ್ಲ

ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಬಾಲ್ಯವನ್ನು ವರ್ಷಗಳಿಂದಲ್ಲ, ದೇಹದ ಗುರುತುಗಳಿಂದ ವಿಂಗಡಿಸಿದರು. ಕೈಕಾಲು ಇನ್ನೂ ಓಡಾಟಕ್ಕೆ ಸಿದ್ಧವಾಗದ ಶೈಶವ ಮೊದಲನೆಯದು. ಎದ್ದು ನಿಂತರೂ ಬಲ ಕೂಡದ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದು ಮುಗಿಯದ ಹಂತ ಎರಡನೆಯದು. ಹಲ್ಲು ಬಂದು ಮೈ ಗಟ್ಟಿಯಾದ ಮೇಲಿನದು ಮೂರನೆಯದು. ಸಾವಿರ ವರ್ಷದ ಹಿಂದಿನ ಈ ಲೆಕ್ಕ ನಮಗೆ ಇಂದೂ ಉಪಯೋಗಕ್ಕೆ ಬರುತ್ತದೆ.

ಮೂರು ವರ್ಷದೊಳಗೆ: ಬೇಡ. ಈ ವಯಸ್ಸಿನ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕತ್ತಿನ ಸ್ನಾಯು ಎಳೆಯದು. ಹಠಾತ್ ಸದ್ದಿಗೆ ಬೆಚ್ಚುತ್ತದೆ. ಮೂರು ವರ್ಷಕ್ಕೆ ಮುಂಚಿನ ಸಂಗತಿಗಳು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿನಲ್ಲೂ ಉಳಿಯುವುದಿಲ್ಲ. ಈ ಮಕ್ಕಳಿಗೆ ನಾನಿಯ ಮನೆಯ ಅಂಗಳದ ಟಬ್ಬಿನ ನೀರೇ ದೊಡ್ಡ ಸಂತೋಷ.

ಮೂರರಿಂದ ಆರು: ಅರ್ಧ ದಿನದ ಪ್ರವಾಸ ಸಾಕು. ಚಾಮರಾಜನಗರದಿಂದ ಬರುವ ರೈಲನ್ನು ನಂಜನಗೂಡಿನಲ್ಲಿ ಹತ್ತಿ ಮೈಸೂರಿಗೆ ಹೋಗಿ. ಕಪಿಲೆಯ ಸೇತುವೆ ದಾಟುವುದೇ ಮಗುವಿಗೆ ಒಂದು ಆಟ. 1892ರಲ್ಲಿ ಆರಂಭವಾದ ಮೃಗಾಲಯ, ರೈಲ್ವೆ ಮ್ಯೂಸಿಯಂ, ಕಾರಂಜಿ ಕೆರೆ ಇವೆ. ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದು ನೆನಪಿರಲಿ.

ಏಳರ ಸುಮಾರಿಗೆ: ಮುಂದಿನ ಹಲ್ಲು ಬಿದ್ದು ಹೊಸದು ಬರುತ್ತಿರುವ ಕಾಲ. ಮಗುವಿಗೆ ನಮಾಝ್ ಕಲಿಸಲು ಹದೀಸಿನಲ್ಲಿ ಹೇಳಿದ ವಯಸ್ಸೂ ಇದೇ. ಹೇಳಿದ್ದನ್ನು ಗ್ರಹಿಸುವ, ಸಾಲಿನಲ್ಲಿ ನಿಲ್ಲುವ, ಕೈ ಬಿಡದೆ ನಡೆಯುವ ತಿಳಿವಳಿಕೆ ಈಗ ಮೂಡುತ್ತದೆ. ಮೊದಲ ಥೀಮ್ ಪಾರ್ಕಿಗೆ ನನ್ನ ಸಲಹೆ ಇದು. ಹತ್ತಿರದ ಮೈಸೂರಿನಿಂದ ಆರಂಭಿಸಿ. ಮೈಸೂರಿನಾಚೆ ನೂರು ಕಿಲೋಮೀಟರಿಗಿಂತ ದೂರವಿರುವ ಬಿಡದಿಯನ್ನು, ದೊಡ್ಡ ಆಟಗಳನ್ನು, ಮಗು 140 ಸೆಂ.ಮೀ. ಸಮೀಪಿಸುವವರೆಗೆ ಕಾದಿರಿಸಿ.

ನಿಮ್ಮನ್ನು ನೀವೇ ಕೇಳಬೇಕಾದ ಆರು ಪ್ರಶ್ನೆ

ಯುನಾನಿಯಲ್ಲಿ ಆರೋಗ್ಯ ನಿಂತಿರುವುದು ಆರು ಅವಶ್ಯ ಕಾರಣಗಳ ಮೇಲೆ. ಅವಕ್ಕೆ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ. ಪ್ರವಾಸಕ್ಕೂ ಅವೇ ಅಳತೆ.

1. ಹವೆ: ಮಕ್ಕಳ ಮಿಝಾಜ್ ಉಷ್ಣ ಮತ್ತು ಆರ್ದ್ರ ಎನ್ನುತ್ತದೆ ನಮ್ಮ ಶಾಸ್ತ್ರ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ಬಿಸಿಲಿನ ಕಾವು ಬೇಗ ತಟ್ಟುತ್ತದೆ ಎನ್ನುತ್ತದೆ ಈಗಿನ ವೈದ್ಯಶಾಸ್ತ್ರ. ಏಪ್ರಿಲ್, ಮೇ ಬದಲು ಡಿಸೆಂಬರ್ ರಜೆ ಆಗದೇ?

2. ಅನ್ನ, ಪಾನೀಯ: ಬೆಳಿಗ್ಗೆ ಇಡ್ಲಿಯಂತಹ ಹಗುರ ತಿಂಡಿ. ಬಿರಿಯಾನಿ ಮನೆಗೆ ಮರಳಿದ ಮೇಲೆ. ಊಟವಾದ ಒಂದೆರಡು ಗಂಟೆ ತಿರುಗುವ ಆಟ ಬೇಡ. ಹೊರಗಿನ ಊಟ ಒಳಗೆ ಬಿಡುತ್ತಾರೆಯೇ, ಹಲಾಲ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಬಾಯಾರಿಕೆ ಆಗುವವರೆಗೆ ಕಾಯದೆ ಆಗಾಗ ನೀರು ಕುಡಿಸಿ.

3. ದೇಹದ ಶ್ರಮ, ವಿಶ್ರಾಂತಿ: “ಎತ್ಕೋ” ಎನ್ನದೆ ಮಗು ಎರಡು ಕಿಲೋಮೀಟರ್ ನಡೆಯಬಲ್ಲುದೇ? ಒಂದು ಸಂಜೆ ಪರೀಕ್ಷಿಸಿ ನೋಡಿ.

4. ಮನಸ್ಸಿನ ಚಲನೆ: ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನನ್ನ ಮಗಳಿಗೆ ಐದು ವರ್ಷವಿದ್ದಾಗ ಎತ್ತರ ಸರಿಯಿದೆಯೆಂದು ಒಂದು ಆಟಕ್ಕೆ ಹತ್ತಿಸಿದೆ. “ಬೇಡ ಅಮ್ಮಿ” ಎಂದು ಎರಡು ಸಲ ಹೇಳಿದಳು. ಹೆದರಿಕೆ ಬಿಡಲಿ ಎಂದುಕೊಂಡೆ. ಮುಂದಿನ ಒಂದು ವರ್ಷ ಅವಳು ಮನೆಯ ಉಯ್ಯಾಲೆಯ ಹತ್ತಿರವೂ ಹೋಗಲಿಲ್ಲ. ವೈದ್ಯೆಯಾಗಿ ಗೊತ್ತಿದ್ದದ್ದನ್ನು ತಾಯಿಯಾಗಿ ಮರೆತಿದ್ದೆ. ಮಗು ಬೇಡ ಎಂದರೆ ಬೇಡ. ಟಿಕೆಟ್ ಹಣ ಹೋದರೆ ಹೋಗಲಿ.

5. ನಿದ್ದೆ, ಎಚ್ಚರ: ಆರು ದಾಟಿದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, ಅದಕ್ಕಿಂತ ಚಿಕ್ಕವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಫಜ್ರ್ ಮುಗಿಸಿ ಹೊರಡುವುದಾದರೆ ಹಿಂದಿನ ರಾತ್ರಿ ಬೇಗ ಮಲಗಿಸಿ. ಹಗಲು ನಿದ್ದೆ ಬಿಡದ ಮಗು ಇಂತಹ ಪ್ರವಾಸಕ್ಕೆ ಇನ್ನೂ ಸಿದ್ಧವಾಗಿಲ್ಲ.

6. ವಿಸರ್ಜನೆ: ಮಲಮೂತ್ರದ ಅವಸರವನ್ನು ಮಗು ಮೊದಲೇ ಹೇಳುತ್ತದೆಯೇ? ಡಯಾಪರ್ ಹಾಕುವ ಮಗುವನ್ನು ಎಲ್ಲರೂ ಇಳಿಯುವ ಕೊಳಕ್ಕೆ ಇಳಿಸಬೇಡಿ. ಭೇದಿಯಾದ ಮಗು ಪೂರ್ತಿ ಗುಣವಾಗಿ ಎರಡು ವಾರ ಕಳೆಯುವವರೆಗೆ ಕೊಳದಿಂದ ದೂರವಿರಲಿ. ಭೇದಿ ತರುವ ಕೆಲವು ರೋಗಾಣುಗಳು ಕ್ಲೋರಿನ್ ಬೆರೆಸಿದ ನೀರಿನಲ್ಲೂ ದಿನಗಟ್ಟಲೆ ಬದುಕುತ್ತವೆ. ಇದು ಇತರರ ಮಕ್ಕಳ ಹಕ್ಕು ಕೂಡ.

ಆರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಹೊರಡಿ.

ಬಟ್ಟೆ ಮತ್ತು ನೀರು

ದುಪಟ್ಟಾ, ಸಡಿಲ ಬುರ್ಖಾ, ಉದ್ದನೆಯ ಸ್ಕಾರ್ಫ್ ತಿರುಗುವ ಆಟಗಳಲ್ಲಿ, ಅದರಲ್ಲೂ ಗೋ-ಕಾರ್ಟಿನಲ್ಲಿ, ಚಕ್ರಕ್ಕೆ ಸಿಕ್ಕಿಕೊಂಡು ಕತ್ತು ಬಿಗಿಯುವ ಅಪಾಯವಿದೆ. ಪರ್ದೆ ಬಿಡಬೇಕಿಲ್ಲ. ಪಿನ್ನಿಲ್ಲದ, ತಲೆಗೆ ಅಂಟಿಕೊಂಡು ಕೂರುವ ಹಿಜಾಬನ್ನು ಉಡುಪಿನೊಳಗೆ ಸೇರಿಸಿಕೊಳ್ಳಿ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ಬಿಡದ ಪಾರ್ಕುಗಳಿವೆ. ಮೈ ಪೂರ್ತಿ ಮುಚ್ಚುವ ಈಜುಡುಗೆ ಈಗ ಸಿಗುತ್ತದೆ, ಅದಕ್ಕೆ ಅನುಮತಿ ಇದೆಯೇ ಎಂದು ಕೇಳಿಕೊಂಡು ಹೋಗಿ.

ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಚಿಕ್ಕ ಮಕ್ಕಳು ನೀರಿನಲ್ಲಿರುವಾಗ ಒಬ್ಬ ಹಿರಿಯರು ಕೈಗೆಟಕುವ ದೂರದಲ್ಲಿರಬೇಕು, ಮೊಬೈಲ್ ಇಲ್ಲದೆ. “ಎಲ್ಲರೂ ನೋಡಿಕೊಳ್ಳುತ್ತಾರೆ” ಎಂದರೆ ಯಾರೂ ನೋಡುವುದಿಲ್ಲ. ಹೆಸರು ಹೇಳಿ ಒಬ್ಬರಿಗೆ ಒಪ್ಪಿಸಿ.

ಇನ್ನೊಂದು ಮಾತು ನಮ್ಮ ಎರಡೂ ಊರಿನವರಿಗೆ. ಪಾರ್ಕಿನಲ್ಲಿ ನೀರಿನ ಭಯ ಬಿಟ್ಟ ಮಕ್ಕಳು ವಾರದೊಳಗೆ ನಂಜನಗೂಡಿನ ಕಪಿಲೆಗೆ, ನರಸೀಪುರದ ಸಂಗಮಕ್ಕೆ ಇಳಿಯಲು ನೋಡುತ್ತಾರೆ. ಪಾರ್ಕಿನ ಕೊಳಕ್ಕೆ ಸಮತಟ್ಟಾದ ತಳವಿದೆ, ಕಾವಲುಗಾರರಿದ್ದಾರೆ. ನದಿಯಲ್ಲಿ ಗುಂಡಿಯಿದೆ, ಸುಳಿಯಿದೆ. ಈ ವ್ಯತ್ಯಾಸವನ್ನು ಮನೆಗೆ ಮರಳುವ ದಾರಿಯಲ್ಲೇ ಹೇಳಿಬಿಡಿ.

ಮನೆಗೆ ಬಂದ ಮೇಲೆ

ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಇತ್ತೀಚೆಗೆ ಮೂಳೆ ಮುರಿತ ಅಥವಾ ಶಸ್ತ್ರಚಿಕಿತ್ಸೆ ಆದ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಹೊರಡಬೇಡಿ. ಪ್ರಯಾಣದಲ್ಲಿ ವಾಂತಿಯಾಗುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಹೆಚ್ಚು. ಅಂಥವರನ್ನು ವಾಹನದ ಮುಂಭಾಗದಲ್ಲಿ ಕೂರಿಸಿ, ದೂರಕ್ಕೆ ನೋಡಲು ಹೇಳಿ. ದೊಡ್ಡ ಮಕ್ಕಳಿಗೆ ಒಂದು ಚೂರು ಶುಂಠಿ ಅಗಿಯಲು ಕೊಡಬಹುದು.

ಭೇದಿಯಾದರೆ ಒಂದು ಲೀಟರ್ ಪ್ಯಾಕೆಟ್ ಓ.ಆರ್.ಎಸ್. ಅನ್ನು ಒಂದು ಲೀಟರ್ ಶುದ್ಧ ನೀರಿಗೇ ಬೆರೆಸಿ ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ಅಥವಾ ನೀರಿನಲ್ಲಿ ಉಸಿರುಗಟ್ಟಿದ ನಂತರ ಕೆಮ್ಮು, ಉಸಿರಾಟದ ಕಷ್ಟ ಮುಂದುವರಿದರೆ ಯಾವ ಮನೆಮದ್ದೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ನರಸೀಪುರದ ಆ ಕುಟುಂಬ ಡಿಸೆಂಬರಿನಲ್ಲಿ ಮತ್ತೆ ಹೋಗಿ ಬಂತು. ಈ ಸಲ ಮೈಸೂರಿಗೆ, ನಾಲ್ಕೇ ಜನ. ಪುಟ್ಟ ದಾದಿಯ ಜೊತೆ ಮನೆಯಲ್ಲೇ ಉಳಿದ. ದೊಡ್ಡವನು ಆಡಿದ ಆಟಗಳನ್ನು ನನ್ನ ಮುಂದೆ ಬೆರಳು ಮಡಿಸಿ ಎಣಿಸಿದ. ಎರಡೂ ಕೈಯ ಬೆರಳು ಸಾಲಲಿಲ್ಲ.