ಮೈಲುತುತ್ತು ಕೊಲ್ಲುವ ಬಗೆ



ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ, ಕಾಫಿಯ ಎಲೆ ತುಕ್ಕುರೋಗಕ್ಕೆ ಶೇಕಡಾ ಅರ್ಧದ ಬೋರ್ಡೋ ದ್ರಾವಣ ನಮಗೆಲ್ಲ ರೂಢಿಯಾದದ್ದು. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಕುರಿತ ತಮ್ಮ ವರದಿಯನ್ನು ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಮೈಲುತುತ್ತು ನಮ್ಮ ತೋಟಗಳನ್ನು ಕಾಯುತ್ತ ಬಂದಿದೆ. ಅದು ಕೊಲ್ಲುವುದು ಹೇಗೆಂದು ತಿಳಿದರೆ, ಎಷ್ಟು ಸಾಕು ಎಂಬುದೂ ತಿಳಿಯುತ್ತದೆ.

ಮೈಲುತುತ್ತಿನಲ್ಲಿರುವುದು ತಾಮ್ರ. ಸೀಸ, ಪಾದರಸಗಳಂತೆ ಇದೂ ಭಾರಲೋಹ. ಅವುಗಳಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ತಾಮ್ರವಾದರೋ ಗಿಡಕ್ಕೂ ಮನುಷ್ಯನಿಗೂ ಅತ್ಯಲ್ಪ ಬೇಕು. ಮಿತಿ ಮೀರಿದರೆ ಮಾತ್ರ ಎಲ್ಲವೂ ವಿಷವೇ.

ಜೀವಕೋಶದ ಉಸಿರಾಟವೇ ಮೊದಲಾದ ಕೆಲಸಗಳನ್ನು ನಡೆಸುವುದು ಕಿಣ್ವಗಳು. ಅನೇಕ ಕಿಣ್ವಗಳಲ್ಲಿ ಗಂಧಕದ ಅಂಶವಿದೆ. ನೀರಿನಲ್ಲಿ ಕರಗಿದ ತಾಮ್ರ ಈ ಗಂಧಕಕ್ಕೆ ಬಿಗಿಯಾಗಿ ಅಂಟುತ್ತದೆ. ಬೀಗದೊಳಗೆ ಕೀಲಿಕೈ ಮುರಿದು ಕುಳಿತಂತೆ ಕಿಣ್ವದ ಕೆಲಸ ನಿಲ್ಲುತ್ತದೆ. ಜೊತೆಗೆ ಕೋಶದ ಪೊರೆ ಕೆಟ್ಟು, ಒಳಗಿನ ಪೊಟ್ಯಾಷ್ ಹೊರಗೆ ಸೋರುತ್ತದೆ. ಕೊಳೆರೋಗದ ಬೀಜಾಣುಗಳು ಮಳೆನೀರಿನಲ್ಲಿ ಈಜುವಾಗ ಅವಕ್ಕೆ ಗಟ್ಟಿ ಹೊರಗೋಡೆ ಇರುವುದಿಲ್ಲ. ಆದ್ದರಿಂದ ಅಲ್ಪ ತಾಮ್ರವೇ ಅವನ್ನು ಕೊಲ್ಲಲು ಸಾಕು. ರೋಗ ಕಾಯಿಯೊಳಗೆ ಇಳಿದ ಮೇಲೆ ಮದ್ದು ಅದನ್ನು ಮುಟ್ಟದು. ಮಳೆ ಹಿಡಿಯುವ ಮೊದಲೇ ಮದ್ದು ಹೊಡೆಯಬೇಕೆನ್ನುವುದು ಇದಕ್ಕೇ.

ಇದೇ ಕಿಣ್ವಗಳು, ಇದೇ ಪೊರೆ ಗಿಡದಲ್ಲೂ ನಮ್ಮಲ್ಲೂ ಇವೆ. ಸುಣ್ಣ ಸೇರಿಸುವುದು ತಾಮ್ರಕ್ಕೆ ಕಡಿವಾಣ ಹಾಕಲು: ಅದು ಕಾಯಿಗೆ ಅಂಟಿಕೊಂಡು ಸ್ವಲ್ಪಸ್ವಲ್ಪವೇ ಕರಗುತ್ತದೆ. ಸುಣ್ಣ ಕಡಿಮೆಯಾದರೆ ಎಳೆಗಾಯಿಯೂ ಎಲೆಯೂ ಸುಡುತ್ತವೆ. ಉಜ್ಜಿ ಹೊಳಪಾದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ.

ಲೆಕ್ಕವೊಂದನ್ನು ಗಮನಿಸಿ. 1 ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಲೋಹವಾದ್ದರಿಂದ ಅದು ಕೊಳೆತು ಹೋಗುವುದಿಲ್ಲ. ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿದು ವರ್ಷವರ್ಷವೂ ಸೇರುತ್ತ ಹೋಗುತ್ತದೆ. ಹೆಚ್ಚಾದರೆ ಎರೆಹುಳುವಿಗೂ ಬೇರಿಗೂ ಕೇಡು. ಹುಳಿ ಮಣ್ಣಿನಲ್ಲಿ ಈ ಕೇಡು ಹೆಚ್ಚು. ತೋಟಕ್ಕೆ ಸುಣ್ಣ ಕೊಟ್ಟರೆ ತಗ್ಗುತ್ತದೆ. ಹೀಗಿರುವಾಗ "ಇರಲಿ, ಇನ್ನೊಂದು ಹಿಡಿ" ಎಂದು ಮದ್ದನ್ನು ಗಟ್ಟಿ ಮಾಡುವುದರಲ್ಲಿ ಲಾಭವಿಲ್ಲ. ಮಣ್ಣು ಪರೀಕ್ಷೆ ಮಾಡಿಸುವಾಗ ತಾಮ್ರದ ಪ್ರಮಾಣವನ್ನೂ ಕೇಳಿ ತಿಳಿಯಿರಿ.

ಪೀಪಾಯಿ ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಮೀನಿನ ಕಿವಿರಿಗೆ ಅಲ್ಪ ತಾಮ್ರವೂ ಮಾರಕ. ಎಲ್ಲಕ್ಕಿಂತ ಮುಖ್ಯ, ಮದ್ದು ಹೊಡೆಯುವವರ ಆರೋಗ್ಯ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ಸಿಂಪಡಿಸಿದವರ ಶ್ವಾಸಕೋಶಗಳಲ್ಲಿ ತಾಮ್ರ ಸೇರಿ ರೋಗವಾದದ್ದನ್ನು ಅಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದರು. ನಮ್ಮ ಕೊನೆಗಾರರು ತಲೆಯ ಮೇಲಿನ ಗೊನೆಗೆ ಮದ್ದು ಹೊಡೆಯುವವರು; ಹನಿ ಬೀಳುವುದು ಅವರ ಮುಖದ ಮೇಲೆಯೇ. ಮಾಸ್ಕು, ಕನ್ನಡಕ, ತುಂಬುತೋಳಿನ ಅಂಗಿಯನ್ನು ತೋಟದವರೇ ಒದಗಿಸಬೇಕು. ಮದ್ದಿನ ಖರ್ಚು ಬರೆಯುವಾಗ ಇದನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

— ಕಾರ್ಯದರ್ಶಿ